ಅಪೊಥೇಕೆಯ ಎಂಗೆಲ್‌ವುರ್ಟ್ಸ್ ಬೇರು: ಎರಡು ಚಳಿಗಾಲ ಕುಡಿದ ಮೇಲೆ

ಜರ್ಮನಿಯ ಅಪೊಥೇಕೆಯಲ್ಲಿ, ಅಂದರೆ ಔಷಧಿ ಅಂಗಡಿಯಲ್ಲಿ, ನಾನು ಕೊಂಡದ್ದು 100 ಗ್ರಾಂ ಒಣ ಬೇರು. ಕಂದು ಕಾಗದದ ಚೀಲ. ಅದರ ಮೇಲೆ ಅಂಟಿಸಿದ ಬಿಳಿ ಚೀಟಿಯಲ್ಲಿ ಹೆಸರು, ತೂಕ, ಬ್ಯಾಚ್ ನಂಬರು, ಯಾವ ತಿಂಗಳೊಳಗೆ ಬಳಸಬೇಕು ಅನ್ನುವುದು. ಬೆಲೆ ಏಳು ಯೂರೋ ಚಿಲ್ಲರೆ. ಚೀಲದ ಬಾಯಿ ಬಿಚ್ಚಿದರೆ ಬೆರಳಿನ ಉಗುರಿನಷ್ಟು ದೊಡ್ಡ ತುಂಡುಗಳು. ಹೊರಗೆ ಕಂದು, ಒಳಗೆ ಮಾಸಿದ ಬಿಳಿ. ನೋಡಲು ಒಣ ಶುಂಠಿಯನ್ನು ಜಜ್ಜಿ ಇಟ್ಟ ಹಾಗೆ. ವಾಸನೆ ಮಾತ್ರ ಬೇರೆಯದೇ.

ಜರ್ಮನ್ ಭಾಷೆಯಲ್ಲಿ ಇದನ್ನು ಎಂಗೆಲ್‌ವುರ್ಟ್ಸ್ ಅನ್ನುತ್ತಾರೆ, ಅಂದರೆ ದೇವದೂತನ ಬೇರು. ಅಂಗಡಿಯ ಚೀಟಿಯಲ್ಲಿ ಆಂಗೆಲಿಕಾವುರ್ಟ್ಸೆಲ್ ಅಂತ ಇರುತ್ತದೆ. ಸಸ್ಯಶಾಸ್ತ್ರದ ಹೆಸರು ಆಂಜೆಲಿಕಾ ಆರ್ಕ್‌ಆಂಜೆಲಿಕಾ. ಮ್ಯೂನಿಕ್‌ಗೆ ಬಂದು ಒಂಬತ್ತು ವರ್ಷ ಆದರೂ ನಾನು ಇದರ ಹೆಸರು ಕೇಳಿರಲಿಲ್ಲ. ಕೇಳಿಸಿದ್ದು ಅಮ್ಮನ ಹೊಟ್ಟೆ ಉಬ್ಬರ.

ಅಮ್ಮ ಹಾಸನದಿಂದ ನವೆಂಬರ್‌ನಲ್ಲಿ ಬಂದಿದ್ದಳು. ಇಲ್ಲಿ ಆಗ ಸಂಜೆ ಐದಕ್ಕೆ ಪೂರ್ತಿ ಕತ್ತಲು. ಹೊರಗೆ ಓಡಾಟ ಇಲ್ಲ. ಮನೆಯೊಳಗೆ ಹೀಟರ್ ಪಕ್ಕ ಕೂತಿರುವುದೇ ಕೆಲಸ. ಮೊಮ್ಮಗನ ಜೊತೆ ಸೇರಿ ಚೀಸ್, ಬ್ರೆಡ್, ಆಲೂಗಡ್ಡೆ ತಿಂದಳು. ಹತ್ತು ದಿನಕ್ಕೆ ಊಟ ಅಂದರೆ ಬೇಡ ಅನ್ನಲು ಶುರು ಮಾಡಿದಳು. "ಏನೂ ಸೇರಲ್ಲ ಕಣೇ, ಹೊಟ್ಟೆ ಡೊಳ್ಳಾಗಿ ಕೂತಿದೆ" ಅಂತ ಒಂದೇ ಮಾತು. ಊರಿಂದ ತಂದಿದ್ದ ಓಮ ಮುಗಿದಿತ್ತು. ಇಂಡಿಯನ್ ಅಂಗಡಿಗೆ ಹೋಗಬೇಕು ಅಂದರೆ ಶನಿವಾರ ಬರಬೇಕು. ಆಫೀಸಿನಲ್ಲಿ ಈ ವಿಷಯ ಹೇಳಿದಾಗ ಜೊತೆಗೆ ಕೆಲಸ ಮಾಡುವ ಬವೇರಿಯಾದವಳೊಬ್ಬಳು, "ನಮ್ಮಜ್ಜಿ ಆಗಿದ್ದರೆ ಎಂಗೆಲ್‌ವುರ್ಟ್ಸ್ ಕೊಡುತ್ತಿದ್ದರು, ಅಪೊಥೇಕೆಯಲ್ಲಿ ಕೇಳು" ಅಂದಳು.

ಮೊದಲು ನಾನು ಮಾಡಿದ್ದು ಸೋಮಾರಿತನದ ಕೆಲಸ. ಆನ್‌ಲೈನ್‌ನಲ್ಲಿ ಆಂಜೆಲಿಕಾ ರೂಟ್ ಅಂತ ಹುಡುಕಿ, ಕಡಿಮೆ ಬೆಲೆಯದನ್ನು ತರಿಸಿದೆ. ಬಂದದ್ದು ಅಗಲವಾದ, ತೆಳ್ಳಗೆ ಹಾಳೆಯ ಹಾಗೆ ಹೆರೆದ ತುಂಡುಗಳು. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಆಂಜೆಲಿಕಾ ಸೈನೆನ್ಸಿಸ್ ಅಂತ ಇತ್ತು. ಅದು ಚೀನಾದ ಡಾಂಗ್ ಕ್ವಾಯ್. ಒಂದೇ ಕುಲದ ಗಿಡವಾದರೂ ಬೇರೆ ಬೇರು, ಅಲ್ಲಿ ಅದನ್ನು ಮುಖ್ಯವಾಗಿ ಹೆಂಗಸರ ಮುಟ್ಟಿನ ತೊಂದರೆಗಳಿಗೆ ಕೊಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಮಾರಿದವರು ಮೊದಲ ಪುಟದಲ್ಲೇ ಇದನ್ನು ದೊಡ್ಡದಾಗಿ ಬರೆಯಬೇಕಿತ್ತು. ಬರೆದಿರಲಿಲ್ಲ. ವಯಸ್ಸಾದವರಿಗೆ ಅಂತ ತರಿಸುವಾಗ ಇಂಥ ತಪ್ಪು ಸಣ್ಣದಲ್ಲ. ವಾಪಸ್ ಕಳಿಸಿ, ಮಾರನೆಯ ದಿನ ಅಪೊಥೇಕೆಗೆ ಹೋದೆ.

ಅಪೊಥೇಕೆ ಅಂದರೆ ನಮ್ಮ ಮೆಡಿಕಲ್ ಶಾಪೇ. ಆದರೆ ಇಲ್ಲಿನ ಹಳೆಯ ಅಪೊಥೇಕೆಗಳಲ್ಲಿ ಮಾತ್ರೆಗಳ ಹಿಂದೆ ಇನ್ನೊಂದು ಲೋಕ ಇರುತ್ತದೆ. ನಮ್ಮ ಮನೆಯಿಂದ ಎರಡು ಟ್ರ್ಯಾಮ್ ಸ್ಟಾಪ್ ದೂರದ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಮರದ ಸಣ್ಣ ಸಣ್ಣ ಡ್ರಾಯರ್‌ಗಳು, ಪ್ರತಿಯೊಂದಕ್ಕೂ ಪಿಂಗಾಣಿಯ ಬಿಲ್ಲೆ, ಬಿಲ್ಲೆಯ ಮೇಲೆ ಲ್ಯಾಟಿನ್ ಹೆಸರು. ಒಳಗೆ ಕಾಲಿಟ್ಟಾಗ ನನಗೆ ಹಾಸನದ ಗ್ರಂಧಿಗೆ ಅಂಗಡಿಯೇ ನೆನಪಾಯಿತು. ಅಲ್ಲಿನ ಚೌಕದ ಡಬ್ಬಗಳು, ತಕ್ಕಡಿ, ಬಜೆ, ಹಿಪ್ಪಲಿ, ಅಳಲೆಕಾಯಿ. ಅಂದಹಾಗೆ ಬಜೆ ಇಲ್ಲೂ ಇದೆ. ಕಾಲ್ಮುಸ್ ಅಂತ ಕರೆಯುತ್ತಾರೆ. ಅದು 16ನೆಯ ಶತಮಾನದಲ್ಲಿ ಏಷ್ಯಾ ಕಡೆಯಿಂದ ಬಂದು ಇಲ್ಲಿನ ಕೆರೆ ದಂಡೆಗಳಲ್ಲಿ ನೆಲೆಯಾದ ಗಿಡ.

ಕೌಂಟರ್‌ನಲ್ಲಿದ್ದವರು ಕನ್ನಡಕ ಹಾಕಿದ ಹಿರಿಯ ಹೆಂಗಸು. ಬೇರು ಬೇಕು ಅಂದ ತಕ್ಷಣ ಡ್ರಾಯರ್ ಎಳೆಯಲಿಲ್ಲ. ಯಾರಿಗೆ, ವಯಸ್ಸೆಷ್ಟು, ಏನು ತೊಂದರೆ ಅಂತ ಕೇಳಿದರು. ಹೊಟ್ಟೆಯಲ್ಲಿ ಹುಣ್ಣು ಇದೆಯಾ? ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯಾ? ಅಮ್ಮನಿಗೆ ಬಿಪಿ ಮಾತ್ರೆ ಮಾತ್ರ ಅಂದೆ. ಮಾತ್ರೆಯ ಹೆಸರು ಕೇಳಿ ಕಂಪ್ಯೂಟರ್‌ನಲ್ಲಿ ನೋಡಿದರು. "ನಿಮಗೂ ಬೇಕಾ? ನೀವು ಬಸುರಿ ಅಲ್ಲ ತಾನೇ?" ಅಂತಲೂ ಕೇಳಿದರು. ಬಸುರಿಯರಿಗೆ ಇದು ಕೂಡದು. ಇಷ್ಟೆಲ್ಲ ಆದ ಮೇಲೆ ತಕ್ಕಡಿಯಲ್ಲಿ ತೂಗಿ, ಚೀಟಿ ಬರೆದು ಕೊಟ್ಟರು. "ವಾರ ಕಳೆದರೂ ಗುಣ ಕಾಣದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಸುಮ್ನೆ ಕುಡಿಸುತ್ತಾ ಕೂರಬೇಡಿ" ಅಂದರು. ಏಳು ಯೂರೋ ವ್ಯಾಪಾರಕ್ಕೆ ಕಾಲು ಗಂಟೆ ಕೊಟ್ಟರು. ಈ ಸೇವೆಗೇ ನಾನು ಪೂರ್ತಿ ಅಂಕ ಕೊಡುತ್ತೇನೆ.

ಮನೆಗೆ ತಂದು ಚೀಲ ಬಿಚ್ಚಿ ಅಮ್ಮನ ಮೂಗಿಗೆ ಹಿಡಿದೆ. "ಇದೇನೇ, ಓಮದ ಕಡೆಯವರ ವಾಸನೆ ಬರ್ತಿದೆಯಲ್ಲೇ!" ಅಂದಳು.

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಓಮ, ಜೀರಿಗೆ, ಕೊತ್ತಂಬರಿ, ಸೋಂಪು, ಸಬ್ಬಸಿಗೆ, ಇಂಗು, ಕ್ಯಾರೆಟ್, ಇವೆಲ್ಲ ಒಂದೇ ಕುಟುಂಬದ ಗಿಡಗಳು. ಎಂಗೆಲ್‌ವುರ್ಟ್ಸ್ ಕೂಡ ಅದೇ ಮನೆಯದು. ಕೊಡೆ ಬಿಚ್ಚಿದ ಹಾಗೆ ಹೂ ಬಿಡುವ ಗುಂಪು ಅದು. ನಮ್ಮ ಕಷಾಯದ ಪುಡಿಯಲ್ಲಿ ಅರ್ಧಕ್ಕರ್ಧ ಈ ಕುಟುಂಬದವೇ ಇರುತ್ತವೆ, ಅಲ್ವಾ? ಉಬ್ಬರಕ್ಕೆ ನಾವು ಅಡುಗೆಮನೆಯಲ್ಲಿ ಹುಡುಕುವುದನ್ನೇ ಉತ್ತರ ಯುರೋಪಿನವರು ನದಿ ದಂಡೆಯಲ್ಲಿ ಅಗೆದು ತೆಗೆದರು.

ವಾಸನೆಯನ್ನು ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಬೇರಿನ ಜೀವ ಅಲ್ಲೇ ಇದೆ. ಮೊದಲು ಓಮ ಮತ್ತು ಹಸಿ ಕ್ಯಾರೆಟ್ ಸೊಪ್ಪು. ಅದರ ಹಿಂದೆ ಪೈನ್ ಮರದ ಅಂಟು. ಎಲ್ಲಕ್ಕಿಂತ ಕೆಳಗೆ ಕಸ್ತೂರಿಯ ಹಾಗೆ ಮೆತ್ತಗಿನ ಒಂದು ಪರಿಮಳ. ಈ ಕಸ್ತೂರಿ ವಾಸನೆ ಕಲ್ಪನೆಯಲ್ಲ. ಬೇರಿನ ಎಣ್ಣೆಯಲ್ಲಿ ನಿಜವಾಗಿಯೂ ಅಂಥ ಒಂದು ಪದಾರ್ಥ ಇದೆ. ಜಿನ್ ಎಂಬ ಮದ್ಯಕ್ಕೆ ಜುನಿಪರ್ ಕಾಯಿ, ಕೊತ್ತಂಬರಿ ಬೀಜದ ಜೊತೆ ಈ ಬೇರನ್ನೂ ಹಾಕುವುದು ಇದಕ್ಕೇ. ಬೆಲೆಬಾಳುವ ಸುಗಂಧಗಳಲ್ಲೂ ಬಳಸುತ್ತಾರೆ.

ಕುಡಿಯುವ ಕ್ರಮದಲ್ಲಿ ನಾವು ಮೊದಲ ದಿನ ಎಡವಿದೆವು. ಅಮ್ಮ ಅದನ್ನು ಕಷಾಯ ಅಂದುಕೊಂಡು ಮುಚ್ಚಳ ಇಲ್ಲದೆ ಕಾಲು ಗಂಟೆ ಕುದಿಸಿದಳು. ಅಡುಗೆಮನೆ ತುಂಬ ಘಮಘಮ. ಲೋಟದಲ್ಲಿ ಉಳಿದದ್ದು ಬರೀ ಕಹಿ. ಎಣ್ಣೆಯೆಲ್ಲ ಹಬೆಯ ಜೊತೆ ಹೋಗಿತ್ತು. ಅಂಗಡಿಯವರು ಹೇಳಿದ್ದು ಹೀಗೆ: ಒಂದು ಟೀ ಚಮಚ, ಅಂದರೆ ಸುಮಾರು ಒಂದೂವರೆ ಗ್ರಾಂ ಬೇರು. ಅದರ ಮೇಲೆ ಕುದಿಯುವ ನೀರು ಒಂದು ಕಪ್. ಕೂಡಲೇ ತಟ್ಟೆ ಮುಚ್ಚಿ ಹತ್ತು ನಿಮಿಷ. ಸೋಸುವಾಗ ತಟ್ಟೆಗೆ ಅಂಟಿದ ಹನಿಗಳನ್ನೂ ಲೋಟಕ್ಕೇ ಬಿಡಬೇಕು. ಊಟಕ್ಕೆ ಅರ್ಧ ಗಂಟೆ ಮುಂಚೆ ಬಿಸಿಬಿಸಿಯಾಗಿ ಕುಡಿಯಬೇಕು. ದಿನಕ್ಕೆ ಮೂರು ಕಪ್ ಮಿತಿ. ಬೆಲ್ಲ, ಸಕ್ಕರೆ, ಜೇನು ಯಾವುದೂ ಬೇಡ. ಕಹಿ ನಾಲಿಗೆಗೆ ತಾಗಿದರೆ ತಾನೇ ಬಾಯಲ್ಲಿ ನೀರು ಬಂದು ಹೊಟ್ಟೆ ಎಚ್ಚರಗೊಳ್ಳುವುದು? ಅದನ್ನು ಸಿಹಿಯಲ್ಲಿ ಮುಚ್ಚಿದರೆ ಅರ್ಧ ಕೆಲಸ ಹೋಯಿತು.

ರುಚಿ ಶುಂಠಿಯ ಹಾಗಲ್ಲ. ಶುಂಠಿ ನಾಲಿಗೆಯ ತುದಿಯಲ್ಲೇ ಸುಡುತ್ತದೆ. ಇದು ಮೊದಲ ಗುಟುಕಿಗೆ ಸಣ್ಣಗೆ ಸಿಹಿ ಅನಿಸುತ್ತದೆ, ಆಮೇಲೆ ಕಹಿ. ಗಂಟಲು ದಾಟಿದ ಮೇಲೆ ಖಾರ. ಐದು ನಿಮಿಷ ಕಳೆದು ಎದೆಯ ಕೆಳಗೆ ಒಂದು ಕೈ ಇಟ್ಟ ಹಾಗೆ ಬೆಚ್ಚಗಾಗುತ್ತದೆ. ಆ ಬಿಸಿ ಜಾಸ್ತಿ ಹೊತ್ತು ಉಳಿಯುತ್ತದೆ. ಅಮ್ಮನಿಗೆ ಮೊದಲ ಸಂಜೆಯೇ ಎರಡು ತೇಗು ಬಂದವು. ಮೂರನೆಯ ದಿನ ತಾನೇ ಅನ್ನ ಸಾರು ಕೇಳಿ ಹಾಕಿಸಿಕೊಂಡಳು. ಚೀಸ್ ನಿಲ್ಲಿಸಿದ್ದೂ ಕಾರಣ ಇರಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಮೇಲೆ ನಾನೂ ಕುಡಿಯಲು ಶುರು ಮಾಡಿದೆ. ಚೀಸ್ ನಾನು ಬಿಟ್ಟಿಲ್ಲ. ಭಾರದ ಊಟದ ದಿನ ಮುಂಚೆ ಒಂದು ಕಪ್ ಕುಡಿದರೆ ರಾತ್ರಿ ಹೊಟ್ಟೆ ಹಗುರ ಇರುತ್ತದೆ. ಕುಡಿಯದ ದಿನ ಇರುವುದಿಲ್ಲ. ಎರಡು ಚಳಿಗಾಲದ ಅನುಭವ ಇದು.

ನನ್ನ ಮಾತಷ್ಟೇ ಅಲ್ಲ. ಜರ್ಮನಿಯಲ್ಲಿ ಗಿಡಮೂಲಿಕೆ ಔಷಧಗಳನ್ನು ಪರಿಶೀಲಿಸಲು ಕಮಿಷನ್ ಇ ಎಂಬ ಸರ್ಕಾರಿ ತಜ್ಞರ ಸಮಿತಿ ಇತ್ತು. ಅದು 1990ರಲ್ಲಿ ಈ ಬೇರನ್ನು ಒಪ್ಪಿತು. ಹಸಿವಿಲ್ಲದಿರುವುದು, ಹೊಟ್ಟೆ ತುಂಬಿದ ಹಾಗಿರುವುದು, ವಾಯು, ಕರುಳಿನ ಸಣ್ಣ ಸೆಳೆತ, ಇಷ್ಟಕ್ಕೆ. ದಿನಕ್ಕೆ 4.5 ಗ್ರಾಂ ಅಂತ ಪ್ರಮಾಣ ಹೇಳಿತು. ಮೂರು ಕಪ್ ಲೆಕ್ಕ ಸರಿಹೊಂದಿತಲ್ಲ?

ಹಳೆಯ ಕಾಲದವರು ಇದರಿಂದ ಬಯಸಿದ್ದು ಇದಕ್ಕಿಂತ ತುಂಬ ಜಾಸ್ತಿ. ಪ್ಲೇಗ್ ಬಂದಾಗ ಈ ಬೇರನ್ನು ಬಾಯಲ್ಲಿ ಇಟ್ಟು ಜಗಿಯುತ್ತಿದ್ದರು. ಸನ್ಯಾಸಿಯೊಬ್ಬರ ಕನಸಿನಲ್ಲಿ ದೇವದೂತ ಬಂದು ಪ್ಲೇಗಿಗೆ ಇದೇ ಮದ್ದು ಅಂದನಂತೆ, ಹೆಸರು ಬಂದದ್ದು ಹಾಗಂತೆ. ಪ್ಲೇಗ್ ಇದರಿಂದ ವಾಸಿಯಾಗುವ ರೋಗವಲ್ಲ. ಆದರೂ ಸಾವು ಬೀದಿಯಲ್ಲಿ ಓಡಾಡುತ್ತಿದ್ದಾಗ ಜನ ಕೈಗೆ ಸಿಕ್ಕ ಒಂದು ಬೆಚ್ಚಗಿನ ಬೇರನ್ನು ಹಿಡಿದು ನಿಂತದ್ದು ನೆನೆದರೆ ನನಗೆ ಕರುಳು ಚುರುಕ್ ಅನ್ನುತ್ತದೆ.

ಆಗಿನ ಯುರೋಪಿನ ವೈದ್ಯರಿಗೆ ಪ್ರತಿ ಗಿಡವೂ ಉಷ್ಣ ಇಲ್ಲವೇ ತಂಪು, ಒಣ ಇಲ್ಲವೇ ಹಸಿ. ಎಂಗೆಲ್‌ವುರ್ಟ್ಸ್ ಉಷ್ಣ ಮತ್ತು ಒಣ. ಶೀತದ ಮೈಗೆ, ಕಫಕ್ಕೆ, ನಿಧಾನವಾದ ಹೊಟ್ಟೆಗೆ ಕೊಡುತ್ತಿದ್ದರು. ಇದನ್ನು ಅಮ್ಮನಿಗೆ ವಿವರಿಸಬೇಕಾಗಲೇ ಇಲ್ಲ. "ಉಷ್ಣ ಅಲ್ವಾ? ಹಾಗಾದ್ರೆ ಮಧ್ಯಾಹ್ನ ಮಜ್ಜಿಗೆ ಕುಡೀತೀನಿ ಬಿಡು" ಅಂದಳು. ಅಷ್ಟೇ. ಇಲ್ಲಿನ ಹಳ್ಳಿಗಳಲ್ಲಿ ಇದಕ್ಕೆ ಎದೆಬೇರು ಎಂಬರ್ಥದ ಬ್ರುಸ್ಟ್‌ವುರ್ಟ್ಸ್ ಅನ್ನುವ ಹೆಸರೂ ಇದೆ. ಕೆಮ್ಮಿಗೂ ಕುಡಿಯುತ್ತಿದ್ದರು. ನನಗೆ ಕೆಮ್ಮು ಬಂದಾಗ ನೋಡಿದೆ, ಗಂಟಲಿಗೆ ಹಿತ ಅನಿಸಿತು. ಬಿಸಿನೀರೂ ಅಷ್ಟೇ ಹಿತ ಕೊಡುತ್ತಿತ್ತೇನೋ. ಕೆಮ್ಮಿಗೆ ಅಂತ ಇದನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ.

ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದಿದೆ. ಯುರೋಪಿನ ಹೆಚ್ಚಿನ ಮೂಲಿಕೆಗಳು ದಕ್ಷಿಣದ ಬಿಸಿಲಿನ ಕಡೆಯಿಂದ ಉತ್ತರಕ್ಕೆ ಹೋದವು. ಇದು ಉಲ್ಟಾ. ನಾರ್ವೆ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್‌ನಂಥ ಹಿಮದ ನಾಡಿನ ಗಿಡ ಇದು. ದಕ್ಷಿಣದ ಮಠಗಳ ತೋಟಗಳಿಗೆ ಆಮೇಲೆ ಇಳಿಯಿತು. ನಾರ್ವೆಯಲ್ಲಿ ಇದರ ಹೆಸರು ಕ್ವಾನ್. ಅಲ್ಲಿನ ರಾಜ ಓಲಾವ್ ಟ್ರಿಗ್ವಸನ್ ಸಾವಿರ ವರ್ಷದ ಹಿಂದೆ ತನ್ನ ರಾಣಿಗೆ ವಸಂತದ ಹೊಸ ಕ್ವಾನ್ ದಂಟನ್ನು ಉಡುಗೊರೆಯಾಗಿ ಒಯ್ದ ಕಥೆ ಅವರ ಹಳೆಯ ರಾಜಚರಿತ್ರೆಯಲ್ಲಿದೆ. ಕ್ವಾನ್ ತೋಟಕ್ಕೆ ನುಗ್ಗುವ ಕಳ್ಳರ ಬಗ್ಗೆ ಅವರ ಹಳೆಯ ಕಾನೂನಿನಲ್ಲೇ ಮಾತಿದೆ. ಉತ್ತರದ ಸಾಮಿ ಜನ ಎಳೆಯ ದಂಟನ್ನು ಸಿಪ್ಪೆ ತೆಗೆದು ಹಸಿಯಾಗಿ ತಿನ್ನುತ್ತಾರೆ. ಉದ್ದ ಚಳಿಗಾಲ ಮುಗಿದು ಸಿಗುವ ಮೊದಲ ಹಸಿರು ಅದು. ಫ್ರಾನ್ಸಿನ ನಿಯೋರ್ ಊರಿನಲ್ಲಿ ಅದೇ ದಂಟನ್ನು ಸಕ್ಕರೆ ಪಾಕದಲ್ಲಿ ಹಾಕಿ ಹಸಿರು ಮಿಠಾಯಿ ಮಾಡುತ್ತಾರೆ. ನಾನು ಒಂದು ಡಬ್ಬಿ ತರಿಸಿದ್ದೆ. ಬೂದುಗುಂಬಳದ ಪೇಠಾಕ್ಕೆ ಪರಿಮಳ ಬೆರೆಸಿದ ಹಾಗಿತ್ತು. ಚೆನ್ನಾಗಿತ್ತು, ಆದರೆ ದುಬಾರಿ.

ಇದೇ ಬೇರು ಇರುವ ಬೇರೆ ಎರಡು ಸಾಮಾನುಗಳನ್ನೂ ಬೇಗ ಹೇಳಿಬಿಡುತ್ತೇನೆ.

ಒಂದು, ಕ್ಲೋಸ್ಟರ್‌ಫ್ರೌ ಮೆಲಿಸ್ಸೆನ್‌ಗೈಸ್ಟ್. ಮರಿಯಾ ಕ್ಲೆಮೆಂಟಿನೆ ಮಾರ್ಟಿನ್ ಎಂಬ ಸನ್ಯಾಸಿನಿ 1826ರಲ್ಲಿ ಕಲೋನ್ ನಗರದಲ್ಲಿ ಕಟ್ಟಿದ ಕಂಪನಿಯ ನೀಲಿ ಪೊಟ್ಟಣದ ಔಷಧ. ಇವತ್ತಿಗೂ ಅಜ್ಜಿಯರ ಕಪಾಟಿನಲ್ಲಿ ಇರುತ್ತದೆ. ಒಳಗಿರುವುದರ ಪಟ್ಟಿ ಓದಿದರೆ ಶುಂಠಿ, ಲವಂಗ, ಏಲಕ್ಕಿ, ಕರಿಮೆಣಸು, ಜಾಯಿಕಾಯಿ, ಜೊತೆಗೆ ಎಂಗೆಲ್‌ವುರ್ಟ್ಸ್. ನಮ್ಮ ಮಲೆನಾಡು ಕರಾವಳಿಯ ಸಂಬಾರ ಪದಾರ್ಥಗಳೆಲ್ಲ ಅಲ್ಲೇ! ಆದರೆ ಅದರಲ್ಲಿ ಶೇಕಡಾ 79 ಆಲ್ಕೋಹಾಲ್. ಅಮ್ಮ ಮುಟ್ಟಲಿಲ್ಲ. ಮಕ್ಕಳಿಗೆ, ಲಿವರ್ ತೊಂದರೆ ಇರುವವರಿಗೆ, ಗಾಡಿ ಓಡಿಸುವವರಿಗೆ ಬೇಡವೇ ಬೇಡ.

ಎರಡು, ಎಂಗೆಲ್‌ವುರ್ಟ್ಸ್ ಬಾಲ್ಸಾಮ್. ಮೂಗು ಕಟ್ಟಿದ ಮಕ್ಕಳಿಗೆ ಮೂಗಿನ ಎರಡೂ ಪಕ್ಕ ಹೊರಗಡೆ ತೆಳ್ಳಗೆ ಸವರುವ ಮುಲಾಮು. ಇಲ್ಲಿನ ಸೂಲಗಿತ್ತಿಯರು ಬಾಣಂತಿಯರಿಗೆ ಹೇಳುತ್ತಿರುತ್ತಾರೆ. ನಮ್ಮ ಕಟ್ಟಡದಲ್ಲೇ ಇರುವ ದಾವಣಗೆರೆ ಕಡೆಯ ಹುಡುಗಿ ತನ್ನ ಎಂಟು ತಿಂಗಳ ಕೂಸಿಗೆ ಬಳಸುತ್ತಾಳೆ. ಊರಲ್ಲಾಗಿದ್ದರೆ ಓಮ ಹುರಿದು ಬಟ್ಟೆಯಲ್ಲಿ ಕಟ್ಟಿ ಹತ್ತಿರ ಇಡುತ್ತಿದ್ದೆವಲ್ಲ, ಆ ಜಾಗದಲ್ಲಿ ಇದು. ಕರ್ಪೂರ, ಪುದೀನ ಸತ್ವ, ನೀಲಗಿರಿ ಎಣ್ಣೆ ಇರುವ ಮುಲಾಮುಗಳನ್ನು ಎಳೆ ಕೂಸುಗಳ ಮುಖಕ್ಕೆ ಹಚ್ಚಬಾರದು, ಉಸಿರು ಹಿಡಿಯುವ ಅಪಾಯ ಇದೆ. ಆದ್ದರಿಂದ ಕೊಳ್ಳುವ ಮುಂಚೆ ಒಳಗೆ ಏನೇನಿದೆ ಅಂತ ಓದಿ, ಕೂಸಿನ ಡಾಕ್ಟರನ್ನು ಒಂದು ಮಾತು ಕೇಳಿ.

ಇನ್ನು ಎಚ್ಚರಿಕೆಗಳು. ಈ ಬೇರು ತೆಗೆದುಕೊಳ್ಳುವ ದಿನಗಳಲ್ಲಿ ಕಡು ಬಿಸಿಲಿಗೆ ಮೈ ಒಡ್ಡಬಾರದು. ಇದರಲ್ಲಿರುವ ಕೆಲವು ಪದಾರ್ಥಗಳು ಬಿಸಿಲು ಸೇರಿದರೆ ಚರ್ಮ ಸುಟ್ಟ ಹಾಗೆ ಕೆಂಪಾಗಿಸುತ್ತವೆ. ಹಸಿ ಗಿಡದ ರಸ ತಾಗಿದರೂ ಹಾಗೇ. ಹಾಗಾಗಿ ನಾನು ಬೇಸಿಗೆಯಲ್ಲಿ ಮುಟ್ಟುವುದಿಲ್ಲ. ಮ್ಯೂನಿಕ್‌ನ ನವೆಂಬರ್‌ಗೆ ಆ ಚಿಂತೆ ಇಲ್ಲ. ಹೊಟ್ಟೆಯಲ್ಲಿ ಹುಣ್ಣು ಇರುವವರಿಗೆ ಇದು ಉರಿ ಜಾಸ್ತಿ ಮಾಡುತ್ತದೆ.

ಅದಕ್ಕಿಂತ ದೊಡ್ಡ ಎಚ್ಚರಿಕೆ: ದಯವಿಟ್ಟು ಯಾರೂ ತಾವೇ ಅಗೆದು ತರಬೇಡಿ. ಜೂನ್‌ನಲ್ಲಿ ಬೊಟಾನಿಕಲ್ ಗಾರ್ಡನ್‌ನಲ್ಲಿ ಗಿಡ ನೋಡಿದೆ. ನನಗಿಂತ ಎತ್ತರ. ಟೊಳ್ಳು ದಂಟು, ಚೆಂಡಿನಷ್ಟು ದುಂಡಗಿನ ಹಸಿರು ಬಿಳಿ ಹೂಗೊಂಚಲು. ನೋಡಿದ ಖುಷಿಯಲ್ಲಿ ಇಸಾರ್ ನದಿ ದಂಡೆಯಲ್ಲೂ ಅಂಥದ್ದೇ ಕಂಡ ಹಾಗಾಯಿತು. ಆಫೀಸಿನ ಅದೇ ಗೆಳತಿ ತಡೆದಳು. ಇದೇ ಕುಟುಂಬದಲ್ಲಿ ಹೆಮ್ಲಾಕ್ ಇದೆ. ನೀರಿನ ದಂಡೆಯಲ್ಲೇ ಬೆಳೆಯುವ ವಾಸರ್‌ಶೀರ್ಲಿಂಗ್ ಇದೆ. ಎರಡೂ ಪ್ರಾಣ ತೆಗೆಯುವ ವಿಷ. ನಮ್ಮಂಥ ಹೊರಗಿನವರ ಕಣ್ಣಿಗೆ ಎಲ್ಲ ಕೊಡೆ ಹೂಗಳೂ ಒಂದೇ ಥರ.

ಬೆಲೆ ದುಬಾರಿಯಲ್ಲ. 100 ಗ್ರಾಂಗೆ ಸುಮಾರು 65 ಕಪ್ ಆಗುತ್ತದೆ, ಕಪ್‌ಗೆ ಹನ್ನೊಂದು ಸೆಂಟ್ ಬಿತ್ತು. ಆದರೆ ಒಬ್ಬರೇ ಇದ್ದರೆ 50 ಗ್ರಾಂ ಸಾಕು. ಈ ಬೇರಿಗೆ ಹುಳ ಬೇಗ ಹಿಡಿಯುತ್ತದೆ, ಪರಿಮಳವೂ ಇಳಿಯುತ್ತದೆ. ಕಾಗದದ ಚೀಲದಲ್ಲೇ ಬಿಡಬೇಡಿ. ನಾನು ಮೊದಲ ವರ್ಷ ಬಿಟ್ಟಿದ್ದೆ, ಏಪ್ರಿಲ್ ಹೊತ್ತಿಗೆ ತಳದಲ್ಲಿ ಪುಡಿ ಉದುರಿತ್ತು, ಎಸೆಯಬೇಕಾಯಿತು. ಈಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಓಮದ ಡಬ್ಬಿಯ ಪಕ್ಕ ಇಟ್ಟಿದ್ದೇನೆ.

ಒಂದು ಅಂಕ ಕಡಿಮೆ ಕೊಡುವುದು ಎರಡನೆಯ ಸಲದ ಖರೀದಿಗೆ. ಹೋದ ಸೆಪ್ಟೆಂಬರ್‌ನಲ್ಲಿ ತಂದ ಬೇರಿಗೆ ಕಸ್ತೂರಿ ವಾಸನೆ ಇರಲೇ ಇಲ್ಲ. ಹುಲ್ಲಿನ ಹಾಗಿತ್ತು. ಒಯ್ದು ತೋರಿಸಿದೆ. ಆ ಹಿರಿಯ ಹೆಂಗಸು ಒಂದು ಚೂರು ಬಾಯಿಗೆ ಹಾಕಿಕೊಂಡು ಜಗಿದು, ತಲೆ ಆಡಿಸಿ, ಡ್ರಾಯರ್‌ನ ತಳದ್ದು ಬಂದಿದೆ ಅಂತ ಒಪ್ಪಿಕೊಂಡರು. ದುಡ್ಡು ವಾಪಸ್ ಕೊಟ್ಟರು. ಬೇರನ್ನು ಅಗೆಯುವುದೇ ಶರತ್ಕಾಲದಲ್ಲಿ, ಗಿಡ ಹೂ ಬಿಡುವ ಮುಂಚೆ. ಹೂ ಬಿಟ್ಟು ಬೀಜ ಕಟ್ಟಿದರೆ ಗಿಡ ಸಾಯುತ್ತದೆ, ಬೇರೂ ಬರಿದಾಗುತ್ತದೆ. ಅಗೆದು, ಒಣಗಿಸಿ, ಅಂಗಡಿಗೆ ಬರುವ ಹೊತ್ತಿಗೆ ಚಳಿ ಶುರುವಾಗಿರುತ್ತದೆ. "ಡಿಸೆಂಬರ್‌ನಲ್ಲಿ ಬನ್ನಿ, ಹೊಸದು ಬಂದಿರುತ್ತದೆ" ಅಂದರು.

ಡಿಸೆಂಬರ್ ಮೊದಲ ವಾರ ಹೋದೆ. ಡ್ರಾಯರ್ ಎಳೆದಾಗಲೇ ಕೌಂಟರ್‌ನ ಈ ಕಡೆ ನಿಂತಿದ್ದ ನನಗೆ ವಾಸನೆ ಬಂತು. ಕೊಳ್ಳುವವರು ಅದೇ ಹೊತ್ತಿಗೆ ಹೋಗಿ, ಚೀಟಿಯ ಮೇಲಿನ ತಿಂಗಳು ನೋಡಿ, ಮೂಸಿ ತನ್ನಿ. ಮೂಸಲು ಕೊಡಿ ಅಂದರೆ ಕೊಡುತ್ತಾರೆ.